ಜೂನ್ ಒಂದನೇ ತಾರೀಕು

ಚಿನಕುರಳಿಯ ಹೈಸ್ಕೂಲಿನ ಅಂಗಳದಲ್ಲಿ
ಸುಣ್ಣದ ಸುತ್ತುಗಳು, ಸುತ್ತಿನೊಳಗೆ ಚಪ್ಪಲಿಗಳು.
ಚಪ್ಪಲಿಗಳು ಸರದಿಯಲ್ಲಿ ನಿಂತಿವೆ
ಜನ ಮಾತ್ರ ಹುಣಸೆಮರದ ಕೆಳಗೆ, ಒಬ್ಬರ ಮೈಮೇಲೊಬ್ಬರು.

ನಾನು ಅರವತ್ತು ತುಂಬಿದವನು,
ಮೊದಲ ಸುತ್ತಿಗೇ ತೋಳು ಕೊಟ್ಟವನು.
ಇವತ್ತು ಬಂದದ್ದು ಹೆಸರು ಓದಿ ಹೇಳಲಿಕ್ಕೆ.
ಪಿಂಚಣಿ ಬಂದರೂ ಹೋಗದ ಹಾಜರಿಯ ಚಟ.

ಟೋಕನ್ ಐವತ್ತು, ಬಂದವರು ಅದರ ಎರಡರಷ್ಟು.
ತೂಬಿನ ಹತ್ತಿರ ಆಡುವ ಜಗಳವೇ ಇಲ್ಲೂ:
"ಮೇಲ್ಗಡೆಯೋರು ಕುಡ್ದು ಮಿಕ್ಕುದ್ರೆ ತಾನೆ
ಕೊನೇ ಭಾಗಕ್ಕೆ?"
ಹೋಟೆಲಿನ ಮರೀಗೌಡ ಮಾಸ್ಕು ಗಲ್ಲಕ್ಕಿಳಿಸಿ,
"ಹತ್ತು ಗಂಟೆಗೆ ನನ್ ಬಾಗ್ಲು ಹಾಕುಸ್ತೀರಿ,
ಬಾರಿನ ಹಿಂಬಾಗ್ಲು ಸಂಜೆಗಂಟ ತೆಗ್ದಿರ್ತದೆ.
ರೋಗಕ್ಕೆ ನನ್ ಇಡ್ಲಿ ಮ್ಯಾಲೇ ಕಣ್ಣಾ?"
ಕೊರಳಲ್ಲಿ ಟೇಪು ತೂಗುಬಿಟ್ಟ ಜಬೀವುಲ್ಲಾ ಮೆಲ್ಲಗೆ:
"ಮದುವೆಗೆ ಇಷ್ಟೇ ಜನ ಅಂತ ಎಣಿಸಿದ್ರಿ. ಸರಿ.
ಓಟಿನ ಮೆರವಣಿಗೇಲಿ ಯಾರು ಎಣಿಸಿದ್ರು, ಸಾರ್?"
ನನ್ನನ್ನೇಕೆ ಕೇಳುತ್ತಾನೆ? ಪೆನ್ನು ನನ್ನ ಕೈಯಲ್ಲಿತ್ತು, ಅದಕ್ಕೆ.

ಮಧ್ಯಾಹ್ನಕ್ಕೆ ಗದ್ದಲ ಕರಗಿತು.
ಪೊಲೀಸರ ಜೀಪು, ಬಿಸಿಲು, ಎರಡೂ ಬಂದವು.
ಉಳಿದದ್ದು ಒಂದು ಬಾಟಲಿ, ಒಂಬತ್ತು ಜನ.
ನಲವತ್ತೇಳನೇ ಟೋಕನ್ನು ಡೇರಿಗೆ ಹಾಲು ಹಾಕಲು ಹೋಗಿ
ಮರಳಲಿಲ್ಲ.
"ಹತ್ತು ಜನ ಆಗದೆ ಒಡೆಯೋ ಹಾಗಿಲ್ಲ," ಸಿಸ್ಟರ್ ಫಿಲೋಮಿನಾ,
"ಒಡೆದ ಮೇಲೆ ಇದರ ಆಯಸ್ಸು ನಾಲ್ಕೇ ಗಂಟೆ.
ಇನ್ನೊಬ್ಬರು ಯಾರಾದ್ರೂ? ನಲವತ್ತೈದು ತುಂಬಿದವರು?"

ದೇವೀರಮ್ಮ ಎದ್ದು ನಿಂತಳು.
ಬಿಸಿಯೂಟದ ದೇವೀರಮ್ಮ. ಒಲೆ ಆರಿ ವರ್ಷವಾದರೂ
ಮನೆಮನೆಗೆ ಅಕ್ಕಿ ಬೇಳೆಯ ಪೊಟ್ಟಣ ಹೊತ್ತವಳು.
ಪಟ್ಟಿಯಲ್ಲಿ ಮೇಷ್ಟರುಗಳಿದ್ದಾರೆ, ಅಡುಗೆಯವರಿಲ್ಲ.
ಆಧಾರ್ ನೋಡಿದೆ: ಒಂದು, ಆರು, ಎಪ್ಪತ್ತೆಂಟು.

ಆ ಅಕ್ಷರ ನನ್ನದು.

ನನ್ನ ಮೊದಲ ವರ್ಷದ ನೌಕರಿ. ಒಂಬತ್ತರ ಹುಡುಗಿ,
ಲಂಗದ ತುದಿ ಹಿಡಿದು ಸಿಂಬಳದ ತಂಗಿ.
ಹುಟ್ಟಿದ ದಿನ ಯಾವುದೆಂದರೆ ಅವರಪ್ಪ ನಕ್ಕ.
ಶಾಲೆ ಶುರುವಾಗುವ ದಿನವೇ ಎಲ್ಲರೂ ಹುಟ್ಟುತ್ತಿದ್ದ ಕಾಲ.
ಆರು ವರ್ಷ ಎಂದು ಬರೆದೆ, ಮೂರು ಉಳಿಸಿದೆ,
"ಮುಂದೆ ಸರ್ಕಾರಿ ಕೆಲಸ ಸಿಕ್ಕರೆ
ಮೂರು ವರ್ಷ ಹೆಚ್ಚು ಸಂಬಳ ಕಣಯ್ಯಾ."
ದಾನ ಮಾಡಿದವನ ಹಾಗೆ ಶಾಯಿ ಆರಿಸಿದೆ.

ಆ ಸಿಂಬಳದ ತಂಗಿ ಸಾಕಮ್ಮ, ಶಾಲೆಯ ಮೆಟ್ಟಿಲು ಹತ್ತದವಳು,
ಇಗೋ ಒಂಬತ್ತು ಜನರಲ್ಲಿ ಐದನೆಯವಳು.
ಆಧಾರ್ ಮಾಡಿದ ಹುಡುಗ ಬಿಸಿಲು ಸುಟ್ಟ ಮುಖ ನೋಡಿ
ನಲವತ್ತಾರರ ಲೆಕ್ಕ ಕಟ್ಟಿದ್ದನಂತೆ.
"ಅಕ್ಕನಿಗಿಂತ ದೊಡ್ಡೋಳಾಗ್ಬುಟ್ಟೆ," ಎಂದು
ಬಾಯಿಗೆ ಸೆರಗು ಹಿಡಿದಳು.

"ರಿಜಿಸ್ಟರು ಸುಳ್ಳು, ನಾನೇ ಸಾಕ್ಷಿ" ಎಂದೆ.
ಫಿಲೋಮಿನಾ ಮೊಬೈಲು ನನ್ನ ಕಡೆ ತಿರುಗಿಸಿದಳು.
ಕೆಂಪು ಅಕ್ಷರ. ತಿದ್ದಬೇಕಾದರೆ
ಶಾಲಾ ದಾಖಲೆ ತರಬೇಕು.
ಶಾಲಾ ದಾಖಲೆ ಎಂದರೆ ನಾನು ಬರೆದದ್ದು.

ಬಾಟಲಿ ತಣ್ಣನೆಯ ಪೆಟ್ಟಿಗೆಗೆ ವಾಪಸು ಹೋಯಿತು.
ಒಂಬತ್ತು ಜನ ಚಪ್ಪಲಿ ಹುಡುಕಿಕೊಂಡರು.
ಹತ್ತನೆಯವಳು ಎದುರಿಗೇ ನಿಂತಿದ್ದಳು.

ಗೇಟಿನ ತನಕ ಜೊತೆಗೆ ಬಂದಳು. ಬೈಯಲಿಲ್ಲ.
ಮನೆಯ ಸುದ್ದಿ ಹೇಳಿದಳು: ಒಂದೇ ಫೋನು,
ಎಸ್ಸೆಸ್ಸೆಲ್ಸಿ ಮಗನಿಗೆ ಹಗಲೆಲ್ಲ,
ಏಳನೇ ಕ್ಲಾಸಿನ ಮಗಳಿಗೆ ಚಾರ್ಜು ಉಳಿದರೆ ರಾತ್ರಿ.
"ನಾನೂ ಕಟ್ಟು ನೀರು ಮಾಡಿವ್ನಿ ಮೇಷ್ಟ್ರೇ.
ಹೆಣ್ಣೈಕ್ಳು ಕೊನೇ ಭಾಗ."
ಹೇಳಿ, ತನ್ನ ಮಾತು ತನಗೇ ಕೇಳಿಸಿದಂತೆ ಸುಮ್ಮನಾದಳು.

ಆಮೇಲೆ, "ಅಂಗಾದ್ರೆ ನಾನು ನಿಜ್ವಾಗ್ಲೂ ಯಾವತ್ತು ಹುಟ್ದೆ?"

ಅವರಪ್ಪ ಅಂದು ಹೇಳಿದ್ದ, ನಾನು ಬರೆಯಲಿಲ್ಲ:
ನಾಲೆಗೆ ನೀರು ಬಿಟ್ಟಿದ್ದರು ಸ್ವಾಮಿ,
ಅವತ್ತು ಕಟ್ಟು ನಮ್ದಲ್ಲ.